ನಿಮಗಿದು ಗೊತ್ತೇ? ನಿಮ್ಮೂರ ನಕ್ಷೆಗೆ ಬಣ್ಣ ಹಾಕುವವರು ಯಾರು?

ನಿಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಾಳೆ ಉದ್ಯಾನ ಬರಬೇಕೋ ಗೋದಾಮು ಬರಬೇಕೋ ಎಂಬುದು ಮೊದಲೇ ಒಂದು ನಕ್ಷೆಯಲ್ಲಿ ತೀರ್ಮಾನವಾಗಿರುತ್ತದೆ. ಅದೇ ಮಾಸ್ಟರ್ ಪ್ಲಾನ್, ಸರ್ಕಾರಿ ಕಡತದಲ್ಲಿ ಮಹಾಯೋಜನೆ. ಹಳದಿ ಇದ್ದರೆ ವಾಸದ ಮನೆ, ನೀಲಿ ಅಂಗಡಿ ಮುಂಗಟ್ಟು, ನೇರಳೆ ಕೈಗಾರಿಕೆ, ಕೆಂಪು ಶಾಲೆ–ಆಸ್ಪತ್ರೆ–ಕಚೇರಿ, ಹಸಿರು ಉದ್ಯಾನ ಮತ್ತು ಆಟದ ಮೈದಾನ. ಸೈಟು ತೋರಿಸುವ ಬ್ರೋಕರ್ ‘ಎಲ್ಲೋ ಝೋನ್ ಸಾರ್’ ಎನ್ನುವುದು ಈ ಹಳದಿಯನ್ನೇ.

ದೇಶದ ಮೊದಲ ನಗರ ಯೋಜನಾ ಕಾಯ್ದೆ ಬಂದದ್ದು 1915ರಲ್ಲಿ, ಬಾಂಬೆ ಪ್ರಾಂತ್ಯದಲ್ಲಿ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಏಕೀಕರಣವಾದ ಮೇಲೆ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಬಂದದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ.

ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಿಗೆಂದು 18 ವಿಷಯಗಳ ಪಟ್ಟಿ ಕೊಟ್ಟಿದೆ. ಮೊದಲನೆಯದು ನಗರ ಯೋಜನೆ, ಎರಡನೆಯದು ಭೂಬಳಕೆಯ ನಿಯಂತ್ರಣ. ಆದರೆ ನಮ್ಮಲ್ಲಿ ನಕ್ಷೆ ಬರೆಯುವುದು ಯೋಜನಾ ಪ್ರಾಧಿಕಾರ, ಅಂತಿಮ ಮುದ್ರೆ ರಾಜ್ಯ ಸರ್ಕಾರದ್ದು. ಬೆಂಗಳೂರಿಗೆ 2007ರಲ್ಲಿ ಜಾರಿಯಾದ ಯೋಜನೆಯನ್ನು ಸಿದ್ಧಪಡಿಸಿದ್ದೂ ಪಾಲಿಕೆಯಲ್ಲ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಮಳೆ ಬಂದಾಗ ಯಾವ ಬೀದಿಗೆ ನೀರು ನುಗ್ಗುತ್ತದೆ ಎಂಬುದು ವಾರ್ಡಿನ ಸದಸ್ಯರಿಗೆ ಗೊತ್ತು. ನಕ್ಷೆಯಲ್ಲಿ ಅವರ ಮಾತಿಗೆ ಹೆಚ್ಚು ತೂಕ ಇರಲೇಬೇಕು.

ಯೋಜನಾ ಪ್ರದೇಶವೆಂದು ಘೋಷಣೆಯಾದ ಎರಡು ವರ್ಷದೊಳಗೆ ಸರ್ವೆ ಮುಗಿಸಿ ಕರಡು ಕೊಡಬೇಕು ಎನ್ನುತ್ತದೆ 1961ರ ಕಾಯ್ದೆ. ಪ್ರಾಧಿಕಾರ ಕೊಡದಿದ್ದರೆ ಸರ್ಕಾರ ಆ ಕೆಲಸವನ್ನು ನಗರ ಯೋಜನಾ ನಿರ್ದೇಶಕರಿಗೆ ವಹಿಸಿ, ಖರ್ಚನ್ನು ಪ್ರಾಧಿಕಾರದಿಂದಲೇ ವಸೂಲು ಮಾಡಬಹುದು.

ಕರಡಿಗೆ ಸರ್ಕಾರದ ತಾತ್ಕಾಲಿಕ ಒಪ್ಪಿಗೆ ಸಿಕ್ಕಮೇಲೆ ಸಾರ್ವಜನಿಕರಿಗೆ 60 ದಿನ ಕಾಲಾವಕಾಶ. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಆಕ್ಷೇಪಣೆ ಲಿಖಿತವಾಗಿರಬೇಕು, ಬಾಯಿಮಾತು ನಡೆಯದು. ‘ನಮ್ಮ ಏರಿಯಾಗೆ ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ ಉಪಯೋಗ ಕಡಿಮೆ. ಗ್ರಾಮ, ಹೋಬಳಿ, ಸರ್ವೆ ನಂಬರ್, ನಕ್ಷೆಯ ಯಾವ ಹಾಳೆ, ಅಲ್ಲಿ ಹಾಕಿರುವ ಬಣ್ಣ ಯಾವುದು, ನೆಲದ ಮೇಲೆ ಇವತ್ತು ಏನಿದೆ ಎಂದು ವಿವರವಾಗಿ ಬರೆದು, ಪಹಣಿ ಮತ್ತು ಫೋಟೋ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೆರೆಯಂಗಳವೋ ಸ್ಮಶಾನವೋ ತಪ್ಪಾಗಿ ಹಳದಿಯಾಗಿದ್ದರೆ ಊರವರು ಬರೆದು ತಿಳಿಸಬೇಕಾದದ್ದು ಈ 60 ದಿನದಲ್ಲೇ.

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಬೆಂಗಳೂರಿಗೆ 2031ನೇ ಇಸವಿಗೆಂದು ಮಾಡಿದ ಕರಡು 2017ರ ನವೆಂಬರಿನಲ್ಲಿ ಜನರ ಮುಂದೆ ಬಂತು, 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. 2015ನೇ ಇಸವಿಗೆಂದು ಮಾಡಿ 2007ರಲ್ಲಿ ಜಾರಿಗೆ ತಂದ ಯೋಜನೆಯೇ ಆಮೇಲೂ ಮುಂದುವರಿಯಿತು.

ನಕ್ಷೆಯಲ್ಲಿ ಹಸಿರು ಬಳಿದರೆ ಉದ್ಯಾನ ಉಳಿಯಿತು ಎಂದುಕೊಳ್ಳಬೇಡಿ! ಖಾಸಗಿ ಜಮೀನನ್ನು ಉದ್ಯಾನಕ್ಕೆಂದು ಗುರುತಿಸಿ ಐದು ವರ್ಷದೊಳಗೆ ಸ್ವಾಧೀನಪಡಿಸಿಕೊಳ್ಳದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆ. ಮಾಲೀಕನನ್ನು ವರ್ಷಗಟ್ಟಲೆ ಕಾಯಿಸುವುದು ನ್ಯಾಯವಲ್ಲ ನಿಜ. ಆದರೆ ಪ್ರಾಧಿಕಾರ ಸಕಾಲಕ್ಕೆ ದುಡ್ಡು ಕೊಡದ ತಪ್ಪಿಗೆ ಮೈದಾನ ಕಳೆದುಕೊಳ್ಳುವುದು ಬಡಾವಣೆಯ ಮಕ್ಕಳು.

ಹಾಗೆಂದು ಯೋಜನೆಗೆ ಬಲವಿಲ್ಲವೆಂದಲ್ಲ. ಕೆರೆಯಂಚಿನಲ್ಲಿ ಕಟ್ಟಡವಿಲ್ಲದೆ ಬಿಡಬೇಕಾದ ಬಫರ್ ಜಾಗ ಬೆಂಗಳೂರಿನ ಯೋಜನೆಯಲ್ಲಿ 30 ಮೀಟರ್. ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 75ಕ್ಕೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ತಳ್ಳಿಹಾಕಿತು. ಮಹಾಯೋಜನೆಯ ಅಂಕಿಯೇ ಗೆದ್ದಿತು.

ನಮ್ಮಲ್ಲಿ ಊರವರು ಆಕ್ಷೇಪಣೆ ಬರೆಯಬಹುದಷ್ಟೇ. ಇಂಗ್ಲೆಂಡಿನಲ್ಲಾದರೆ 2011ರ ಕಾಯ್ದೆಯ ಪ್ರಕಾರ ನೆರೆಹೊರೆಯವರೇ ತಮ್ಮ ಪ್ರದೇಶದ ಯೋಜನೆ ಬರೆಯಬಹುದು. ಅದು ಜಾರಿಗೆ ಬರಬೇಕಾದರೆ ಊರಲ್ಲಿ ಮತದಾನ ನಡೆದು ಅರ್ಧಕ್ಕಿಂತ ಹೆಚ್ಚು ಮತ ಬೀಳಬೇಕು. ಇಂಥ ಮೊದಲ ಮತದಾನ ನಡೆದದ್ದು 2013ರ ಮಾರ್ಚ್‌ನಲ್ಲಿ, ಕಂಬ್ರಿಯಾದ ಅಪ್ಪರ್ ಈಡನ್ ಎಂಬ ಗ್ರಾಮೀಣ ಪ್ರದೇಶದಲ್ಲಿ.

ನಮ್ಮಲ್ಲಿ ಯೋಜನೆ ಜಾರಿಯಾದ ಮೇಲೂ ನಕ್ಷೆಯ ಬಣ್ಣ ಬದಲಾಗಬಹುದು. ಅದಕ್ಕೆ ಭೂ ಉಪಯೋಗ ಬದಲಾವಣೆ ಎಂದು ಹೆಸರು. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಲೇಬೇಕು. ಟೆಂಡರ್ ಪ್ರಕಟಣೆಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುವ ಆ ಸಾರ್ವಜನಿಕ ಪ್ರಕಟಣೆಯಲ್ಲಿ ನಿಮ್ಮೂರಿನ ಸರ್ವೆ ನಂಬರ್ ಇದೆಯೇ, ನೋಡುತ್ತಿರಿ.