ಘಟ್ಟ ಹತ್ತುವ ಮೊದಲು ಎದೆಯನ್ನೊಮ್ಮೆ ಕೇಳಿ



ದಸರಾ ಮುಗಿಯುತ್ತಿದ್ದಂತೆ ನನ್ನ ಓಪಿಡಿಯಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ. "ಡಾಕ್ಟ್ರೇ, ಡಿಸೆಂಬರ್ ರಜೆಗೆ ಊರಿಗೆ ಹೋಗ್ತಿದ್ದೀವಿ, ಮಕ್ಕಳು ಟ್ರೆಕ್ಕಿಂಗ್ ಬುಕ್ ಮಾಡಿದ್ದಾರೆ. ನಾನೂ ಹೋಗಬಹುದಾ?" ಗೋಕರ್ಣದ ಕಡಲ ದಂಡೆಯ ಗುಡ್ಡಗಳಲ್ಲಿ ಒಂದು ದಿನ, ಆಮೇಲೆ ಘಟ್ಟದ ಕಾಡು, ಕೊನೆಗೆ ಕುದುರೆಮುಖವೋ ಕುಮಾರ ಪರ್ವತವೋ. ಜೊತೆಗೆ ಗೈಡ್ ಇರುತ್ತಾನೆ, ಊಟವೂ ಅವರದೇ. ಮುಂಬೈ, ಪುಣೆಯಲ್ಲಿ ಬೆಳೆದ ಮಕ್ಕಳಿಗೆ ನಮ್ಮ ಕಾಡು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹಾಗಾಗಿ ಎರಡು ತಿಂಗಳು ಮುಂಚೆ ಕೇಳಿದವರಿಗೆ ನನ್ನ ಉತ್ತರ ಸಾಮಾನ್ಯವಾಗಿ "ಹೋಗಿ" ಎಂದೇ. ಹೊರಡುವ ವಾರ ಬಂದು ಕೇಳಿದರೆ ಮಾತ್ರ ಹಾಗೆ ಹೇಳಲಾರೆ.

*500 ಮಹಡಿಯ ಲೆಕ್ಕ*

ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ, ಅಲ್ಲಿಂದ ಏರಬೇಕಾದದ್ದು 1,500 ಮೀಟರಿಗೂ ಹೆಚ್ಚು. ಒಂದು ಮಹಡಿಗೆ 3 ಮೀಟರ್ ಹಿಡಿದರೆ 500 ಮಹಡಿ! ಲಿಫ್ಟ್ ಕೆಟ್ಟ ದಿನ ಏಳನೇ ಮಹಡಿ ಹತ್ತಿದ್ದು ನೆನಪಿಸಿಕೊಳ್ಳಿ. ಎತ್ತರದಲ್ಲಿ ಆಮ್ಲಜನಕ ಸಾಲದೆ ಆಗುವ ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನದು, ಅದು ಹಿಮಾಲಯಕ್ಕೆ ಹೋಗುವವರ ಚಿಂತೆ. ನಮ್ಮ ಘಟ್ಟದ ಕಷ್ಟ ಕಡಿದಾದ ಏರು ಮತ್ತು ಸೆಕೆ. ಗಿರಿಗದ್ದೆಯವರೆಗೆ ದಟ್ಟ ಕಾಡು, ಗಾಳಿಯಾಡುವುದಿಲ್ಲ. ಬೆವರು ಸುರಿಯುತ್ತದೆ, ಆರುವುದಿಲ್ಲ. ಆರಿದರೆ ತಾನೇ ಮೈ ತಂಪಾಗುವುದು? ಹೃದಯ ಕಾಲಿನ ಸ್ನಾಯುಗಳಿಗೂ ರಕ್ತ ಕಳಿಸಬೇಕು, ಮೈ ತಣಿಸಲು ಚರ್ಮಕ್ಕೂ ಕಳಿಸಬೇಕು. ಗಿರಿಗದ್ದೆ ದಾಟಿದರೆ ಹುಲ್ಲುಗುಡ್ಡ, ನೆರಳೇ ಇಲ್ಲ.

ಆಲ್ಪ್ಸ್ ಪರ್ವತಗಳಲ್ಲಿ ನಡೆಯುವಾಗ ಹೃದಯ ನಿಂತು ಸತ್ತವರ ಅಧ್ಯಯನಗಳು ಒಂದು ವಿಷಯ ತೋರಿಸಿವೆ. ಅಪಾಯ ಹೆಚ್ಚು ಇರುವುದು ಮೊದಲ ದಿನ, ಅದೂ ಅಭ್ಯಾಸವಿಲ್ಲದ ನಡುವಯಸ್ಸಿನ ಗಂಡಸರಿಗೆ. ನಮ್ಮವರ ಮೊದಲ ದಿನ ಹೇಗಿರುತ್ತದೆ? ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು, ಬಿಪಿ ಮಾತ್ರೆಯನ್ನು ಸೂಟ್‌ಕೇಸಿನಲ್ಲೇ ಬಿಟ್ಟು, ಎರಡು ಬನ್ಸ್ ತಿಂದು ನೇರ ಏರು. ದಯವಿಟ್ಟು ಒಂದು ರಾತ್ರಿ ಊರಿನಲ್ಲಿ ಮಲಗಿ ಹೊರಡಿ.

*"ಗ್ಯಾಸ್" ಎಂದವರು*

ಕಳೆದ ವರ್ಷ ಒಬ್ಬರು ಬಂದಿದ್ದರು. ಕುಂದಾಪುರ ಕಡೆಯವರು, ವಯಸ್ಸು ಐವತ್ತು ದಾಟಿದೆ, ಹೋಟೆಲ್ ಉದ್ಯಮ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಎದೆ ಬಿಗಿದಂತಾಗುತ್ತಿತ್ತು, ನಿಂತರೆ ಹೋಗುತ್ತಿತ್ತು. ಮೂರು ತಿಂಗಳು ಜೀರಿಗೆ ಕಷಾಯ ಕುಡಿದಿದ್ದರು. ಚಾರಣದ ಫಾರ್ಮಿಗೆ ವೈದ್ಯರ ಸಹಿ ಬೇಕೆಂದು ಮಗಳು ಎಳೆದು ತಂದಿದ್ದಳು. ನಾನು ಸಹಿ ಹಾಕಲಿಲ್ಲ. ಮೆಟ್ಟಿಲು ಹತ್ತಿದಾಗಲೆಲ್ಲ ಬಂದು, ನಿಂತ ಕೂಡಲೇ ಹೋಗುವುದನ್ನು ಗ್ಯಾಸ್ ಎಂದು ಬಿಡುವಂತಿಲ್ಲ. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ನಾರ್ಮಲ್ ಇತ್ತು, ಹೀಗೆ ಎಷ್ಟೋ ಜನರಿಗೆ ಇರುತ್ತದೆ. ಆಂಜಿಯೋಗ್ರಾಮ್‌ನಲ್ಲಿ ಹೃದಯದ ಎಡಗಡೆಯ ದೊಡ್ಡ ರಕ್ತನಾಳ ಬಹುಪಾಲು ಮುಚ್ಚಿತ್ತು. ಸ್ಟೆಂಟ್ ಆಯಿತು. ಈ ವರ್ಷ ಗೋಕರ್ಣದ ನಡಿಗೆ ಮುಗಿಸಿ ಬಂದರು, ಪರ್ವತ ಹತ್ತಿದ್ದು ಮಗಳು ಮಾತ್ರ. ಆ ಬೇಸರ ಅವರಿಗಿನ್ನೂ ಇದೆ, ನನ್ನ ಮೇಲೂ ಸ್ವಲ್ಪ.

ನಲವತ್ತು ದಾಟಿದ್ದು ಶುಗರ್, ಬಿಪಿ, ಸಿಗರೇಟು ಇದ್ದರೆ ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಮೊದಲು ವೈದ್ಯರನ್ನು ಕಾಣಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಆಮೇಲೆ ದಿನಾ ಮುಕ್ಕಾಲು ಗಂಟೆ ನಡಿಗೆ, ನಿಮ್ಮ ಬಿಲ್ಡಿಂಗಿನ ಮೆಟ್ಟಿಲು, ಕೊನೆಯ ವಾರಗಳಲ್ಲಿ ಬೆನ್ನಿಗೆ ಚೀಲ. ಹತ್ತುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಅದೇ ಸರಿಯಾದ ವೇಗ. ಮೆಟೊಪ್ರೊಲಾಲ್‌ನಂಥ ಮಾತ್ರೆ ತಗೊಳ್ಳುವವರು ವಾಚಿನ ನಾಡಿ ಲೆಕ್ಕ ನಂಬಬೇಡಿ, ಮಾತ್ರೆ ನಾಡಿಯನ್ನು ತಗ್ಗಿಸಿಯೇ ಇಟ್ಟಿರುತ್ತದೆ.

*ಮಾತ್ರೆಗಳ ವಿಷಯ*

ಕೆಲವು ಬಿಪಿ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿರುತ್ತದೆ. ಬೆವರೂ ಹೋಗಿ ಅದೂ ಹೋದರೆ ತಲೆ ಸುತ್ತುತ್ತದೆ. ಗ್ಲಿಮಿಪಿರೈಡ್, ಇನ್ಸುಲಿನ್ ಇದ್ದವರಿಗೆ ದಿನವಿಡೀ ನಡೆದ ಮೇಲೆ ರಾತ್ರಿ ನಿದ್ದೆಯಲ್ಲೂ ಶುಗರ್ ಇಳಿಯಬಹುದು. ಜೇಬಿನಲ್ಲಿ ಸಕ್ಕರೆ, ಬೆಲ್ಲ ಇರಲಿ. ಡೋಸ್ ಬದಲಾಯಿಸಬೇಕೇ ಎಂದು ಹೊರಡುವ ಮೊದಲೇ ಕೇಳಿ, ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಆದವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಒಂದು ದಿನವೂ ತಪ್ಪಿಸುವಂತಿಲ್ಲ. ಇವರಿಗೆ ಇಂಬಳ ಕಚ್ಚಿದರೆ ರಕ್ತ ಬೇಗ ನಿಲ್ಲದು, ಹೆದರದೆ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ.

ದುಡ್ಡು ಕಟ್ಟುವ ಮುಂಚೆ ತಂಡದವರನ್ನು ಕೇಳಿ: ಗೈಡ್‌ಗೆ ಸಿಪಿಆರ್ ಬರುತ್ತದೆಯೇ? ಫೋನ್ ಸಿಗ್ನಲ್ ಸಿಗುವ ಕೊನೆಯ ಜಾಗ ಯಾವುದು? ಒಬ್ಬರನ್ನು ಅರ್ಧದಿಂದ ಕೆಳಗಿಳಿಸಬೇಕಾದರೆ ಯಾರು ಬರುತ್ತಾರೆ?

ಎದೆ ಬಿಗಿತ, ದವಡೆ ಅಥವಾ ಎಡತೋಳಿನ ನೋವು, ತಣ್ಣನೆ ಬೆವರು, ಎಂದೂ ಕಾಣದ ಸುಸ್ತು ಬಂದರೆ ಅಲ್ಲೇ ಕುಳಿತುಬಿಡಿ. ಗುಂಪು ಕಾಯುತ್ತಿದೆ ಎಂಬ ದಾಕ್ಷಿಣ್ಯ ಬೇಡ. ವೈದ್ಯರು ಸಾರ್ಬಿಟ್ರೇಟ್ ಕೊಟ್ಟಿದ್ದರೆ ಕುಳಿತೇ ನಾಲಿಗೆಯಡಿ ಇಟ್ಟುಕೊಳ್ಳಿ. ಸಿಗ್ನಲ್ ಇದ್ದರೆ 112.

ಹೃದಯಕ್ಕೆ ಸಂಬಂಧವಿಲ್ಲದ ಇನ್ನೊಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ, ಹೆಚ್ಚಾಗಿ ಡಿಸೆಂಬರಿನಿಂದ ಮೇ ನಡುವೆ. ತುಂಬು ತೋಳು, ಕಾಲು ಮುಚ್ಚುವ ಬಟ್ಟೆ ಹಾಕಿ. ವಾಪಸ್ ಬಂದ ಒಂದೆರಡು ವಾರದೊಳಗೆ ಜ್ವರ ಬಂದರೆ "ಘಟ್ಟದ ಕಾಡಿಗೆ ಹೋಗಿದ್ದೆ" ಎಂದು ವೈದ್ಯರಿಗೆ ನೀವೇ ಹೇಳಿ. ದೆಹಲಿ, ಚೆನ್ನೈನ ವೈದ್ಯರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.