ಗಾಡಿ ಮಾರಿದರೆ ಸಾಲದು, ಹೆಸರೂ ಬದಲಾಗಬೇಕು

ಎತ್ತಿನ ವ್ಯಾಪಾರ ನಮ್ಮ ರೈತರಿಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ, ಹಣ ಎಣಿಸಿಕೊಂಡು ಹಗ್ಗ ಕೊಟ್ಟರೆ ವ್ಯಾಪಾರ ಮುಗಿಯಿತು. ಆಮೇಲೆ ಆ ಎತ್ತು ಯಾರನ್ನು ಹಾಯ್ದರೂ ಮಾರಿದವನ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಮೋಟಾರ್ ಸೈಕಲಿನ ವ್ಯಾಪಾರ ಹೀಗಲ್ಲ. ಬೀಗದ ಕೈ ಕೊಟ್ಟ ಮೇಲೂ ಅದು ಮಾರಿದವನ ಹೆಸರಿನಲ್ಲೇ ಓಡುತ್ತಿರಬಹುದು.

ಇಂದಿರಾನಗರ, ಹಲಸೂರಿನ ಕಡೆ ಕೆಲಸಕ್ಕಿರುವ ಮಗ ಹೊಸ ಗಾಡಿ ಕೊಂಡು, ಹಳೆಯದನ್ನು ಊರಿಗೆ ತಂದು ನಿಲ್ಲಿಸುತ್ತಾನೆ. ಬಿತ್ತನೆಗೆ ಹಣ ಬೇಕಾದಾಗ ಅದನ್ನು ಮಾರುತ್ತೇವೆ. ಹೊಸಕೋಟೆ, ಮಾಲೂರು, ಕೋಲಾರದ ಕಡೆ ಇದು ಸಾಮಾನ್ಯ. ಬೆಂಗಳೂರು ಪೂರ್ವದ ಕೆಎ 03, ಕೆ.ಆರ್. ಪುರದ ಕೆಎ 53 ನಂಬರಿನ ಗಾಡಿಗಳು ಹೀಗೆ ಎಷ್ಟೋ ಕೈ ದಾಟುತ್ತವೆ. ಆದರೆ ಆರ್.ಸಿ.ಯಲ್ಲಿ ಹೆಸರು ಮಾತ್ರ ಮೊದಲಿನವರದೇ ಉಳಿದಿರುತ್ತದೆ.

ಇದರಿಂದ ಏನು ನಷ್ಟ?

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟು ಒಂದು ಕಾರಿನ ಮೊಕದ್ದಮೆಯಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಆ ಕಾರನ್ನು ಮೊದಲ ಮಾಲೀಕ 2007ರಲ್ಲೇ ಮಾರಿದ್ದ. ಅದು ಮತ್ತೂ ಕೆಲವರ ಕೈ ದಾಟಿತು. 2009ರಲ್ಲಿ ಅಪಘಾತವಾಗಿ ಜೀವಹಾನಿಯಾಯಿತು. ಹೈಕೋರ್ಟು ಮೊದಲ ಮಾಲೀಕನನ್ನು ಹೊಣೆಯಿಂದ ಬಿಟ್ಟಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ದಾಖಲೆಯಲ್ಲಿ ಹೆಸರಿದ್ದವನೇ ಪರಿಹಾರಕ್ಕೆ ಹೊಣೆ ಎಂದಿತು. ಗಾಡಿಗೆ ವಿಮೆ ಇಲ್ಲದ ಹೊತ್ತಿನಲ್ಲಿ ಇಂಥ ಪರಿಹಾರ ತಲೆಯ ಮೇಲೆ ಬಿದ್ದರೆ, ಇಪ್ಪತ್ತು ಮೂವತ್ತು ಸಾವಿರಕ್ಕೆ ಮಾರಿದ ಹಳೆಯ ಬೈಕು ಹೊಲಕ್ಕೇ ಕುತ್ತಾದೀತು.

ಮಾರುವ ಮುನ್ನ

ಮೊದಲು ಕಾಗದಪತ್ರ ಜೋಡಿಸಿಕೊಳ್ಳಿ: ಆರ್.ಸಿ., ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಚೀಟಿ. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಯಾದರೆ ಅತಿಸುರಕ್ಷಿತ ನಂಬರ್ ಪ್ಲೇಟು ಹಾಕಿಸಿದೆಯೇ ನೋಡಿ. ನೋಂದಣಿಯ 15 ವರ್ಷ ತುಂಬಿದ್ದರೆ ನವೀಕರಣ ಆಗಿರಬೇಕು. ಪೊಲೀಸರ ದಂಡ ಬಾಕಿ ಇದ್ದರೆ ಕಟ್ಟಿಬಿಡಿ.

ಸಾಲದ ಮೇಲೆ ಕೊಂಡ ಗಾಡಿಯಾದರೆ, ಸಾಲ ತೀರಿದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಬ್ಯಾಂಕಿನಿಂದ ಪತ್ರ ಪಡೆದು, 35ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಅದನ್ನು ತೆಗೆಸಿಕೊಳ್ಳತಕ್ಕದ್ದು. ತೀರಿಕೊಂಡ ತಂದೆಯವರ ಹೆಸರಿನಲ್ಲಿರುವ ಗಾಡಿಯನ್ನು ನೇರವಾಗಿ ಮಾರಲು ಹೋಗಬೇಡಿ. ಮೊದಲು 31ನೇ ನಮೂನೆಯ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಿ.

ಬೆಲೆಯ ವಿಷಯದಲ್ಲಿ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಹಳೆಯ ಜಾವಾ, ಯೆಜ್ಡಿ ಗಾಡಿಗಳನ್ನು ಇಂದು ಹುಡುಕಿಕೊಂಡು ಬಂದು ಕೊಳ್ಳುವ ಹವ್ಯಾಸಿಗಳಿದ್ದಾರೆ. ಕೊಟ್ಟಿಗೆಯಲ್ಲಿ ಅಂಥದೊಂದು ಬಿದ್ದಿದ್ದರೆ ಗುಜರಿಯವನ ಮೊದಲ ಮಾತಿಗೇ ಒಪ್ಪಬೇಡಿ. ನಾಲ್ಕು ಕಡೆ ವಿಚಾರಿಸಿ.

ಗಿರಾಕಿ ಬಂದಾಗ

ಓಡಿಸಿ ನೋಡುತ್ತೇನೆಂದು ಗಾಡಿ ಹತ್ತಿ, ಹೋದವನು ಹೋದಂತೆಯೇ ಮಾಯವಾಗುವ ಕಳ್ಳರುಂಟು. ಆದ್ದರಿಂದ ಮೊದಲು ಚಾಲನಾ ಪತ್ರ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಕಡೆಯ ಒಬ್ಬರು ಹಿಂದೆ ಕೂರಲಿ. ಮೂಲ ಕಾಗದಗಳು ಗಾಡಿಯಲ್ಲಿ ಇರಬಾರದು. ಚಾಲನಾ ಪತ್ರ ಇಲ್ಲದವನಿಗೆ ಗಾಡಿ ಕೊಟ್ಟರೆ ಮಾಲೀಕನಿಗೇ 5,000 ರೂಪಾಯಿವರೆಗೆ ದಂಡವಿದೆ.

ಫೋನಿನಲ್ಲೇ ಬೆಲೆ ಒಪ್ಪಿ, ಗಾಡಿ ನೋಡದೆಯೇ ಹಣ ಕಳಿಸುತ್ತೇನೆ ಎನ್ನುವವನ ಬಗ್ಗೆ ಎಚ್ಚರ. ಸೇನೆಯಲ್ಲಿದ್ದೇನೆ ಎಂದು ಹೇಳಿಕೊಂಡು ನಂಬಿಸುವವರೂ ಇದ್ದಾರೆ. ಇಂಥವರು ಚೌಕುಳಿ ಚೌಕುಳಿಯ ಒಂದು ಚಿತ್ರ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮೋಸವಾಯಿತೆಂದು ತಿಳಿದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ.

ನಗದು ವ್ಯವಹಾರವಾದರೆ ಬ್ಯಾಂಕಿನಲ್ಲೇ ಎಣಿಸಿ, ಖಾತೆಗೆ ಕಟ್ಟುವುದು ಒಳ್ಳೆಯದು. ಖೋಟಾ ನೋಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚೆಕ್ಕಾದರೆ ಹಣ ಜಮೆಯಾಗುವವರೆಗೆ ಗಾಡಿ ಬಿಡಬೇಡಿ. ಮೊಬೈಲಿಗೆ ಬಂದ ಸಂದೇಶವನ್ನು ನಂಬದೆ ಖಾತೆಯನ್ನೇ ನೋಡಿ.

ಗಾಡಿ ಒಪ್ಪಿಸುವ ದಿನ

29 ಮತ್ತು 30ನೇ ನಮೂನೆಗಳಿಗೆ ಸಹಿ ಬೇಕು. 29 ಮಾರಿದವರು ಕೊಡುವ ತಿಳಿವಳಿಕೆ. 30 ಹೆಸರು ಬದಲಾವಣೆಯ ಅರ್ಜಿ. ಖಾಲಿ ನಮೂನೆಗೆ ಎಂದೂ ಸಹಿ ಹಾಕಬೇಡಿ. ಕೊಳ್ಳುವವನ ಹೆಸರು, ವಿಳಾಸ, ದಿನಾಂಕ ಬರೆದ ಮೇಲೆಯೇ ಸಹಿ. ದಲ್ಲಾಳಿಯ ಕೈಗೆ ಖಾಲಿ ನಮೂನೆ ಕೊಟ್ಟರೆ, ಗಾಡಿ ಯಾರ ಮನೆ ಸೇರಿತೆಂದು ನಿಮಗೆ ತಿಳಿಯುವುದೇ ಇಲ್ಲ.

ಜೊತೆಗೆ ಒಂದು ಒಪ್ಪಿಗೆ ಪತ್ರ ಬರೆದುಕೊಳ್ಳಿ. ಅದರಲ್ಲಿ ಗಾಡಿಯ ನಂಬರು, ಎಂಜಿನ್ ಮತ್ತು ಚಾಸಿಸ್ ನಂಬರು, ಓಡಿದ ಕಿಲೋಮೀಟರು, ಬೆಲೆ, ದಿನಾಂಕ, ಒಪ್ಪಿಸಿದ ವೇಳೆ ಇರಲಿ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಕೊಂಡವನ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ. ನಿಮ್ಮ ಆಧಾರ್ ನಕಲು ಕೊಡುವುದಾದರೆ, ಇಂಥ ನಂಬರಿನ ಗಾಡಿ ಮಾರಾಟಕ್ಕೆ ಮಾತ್ರ ಎಂದು ಅದರ ಮೇಲೆಯೇ ಬರೆಯಿರಿ.

ಆಮೇಲಿನ ಕೆಲಸ

ಮಾರಿದವರು 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು, ಕೊಂಡವರಿಗೆ 30 ದಿನಗಳ ಅವಧಿ. ಕೊಂಡವನು ಮಾಡಿಸಿಕೊಳ್ಳುತ್ತಾನೆಂದು ಬಿಡದೆ, ನಿಮ್ಮ ಪಾಲಿನ 29ನೇ ನಮೂನೆಯನ್ನು ನೀವೇ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಧ್ಯವಾದರೆ ಕೊಂಡವನ ಜೊತೆಗೇ ಹೋಗಿ. ಪೂರ್ತಿ ಹಣದಲ್ಲಿ ಸ್ವಲ್ಪ ಭಾಗವನ್ನು ಹೆಸರು ಬದಲಾದ ಮೇಲೆ ಮರಳಿಸುವ ಠೇವಣಿಯಾಗಿ ಹಿಡಿದಿಟ್ಟರೆ, ಕೊಂಡವನೂ ತಡ ಮಾಡುವುದಿಲ್ಲ. ವಿಮೆಯ ಕಂಪನಿಗೂ ಪತ್ರ ಬರೆಯಿರಿ. ಅಪಘಾತವಿಲ್ಲದೆ ಗಳಿಸಿದ ವಿಮೆ ರಿಯಾಯಿತಿ ಗಾಡಿಯದಲ್ಲ, ನಿಮ್ಮದು. ಅದನ್ನು ಹೊಸ ಗಾಡಿಗೆ ತೆಗೆದುಕೊಳ್ಳಬಹುದು.

ಹೊಸೂರು, ಕುಪ್ಪಂ ಕಡೆಯ ಗಿರಾಕಿಯಾದರೆ ಅದು ಬೇರೆ ರಾಜ್ಯ. 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅದು ಕೈಗೆ ಬರುವ ಮುಂಚೆ ಗಾಡಿ ಗಡಿ ದಾಟದಿರಲಿ.

ಹಿಂದೆಯೇ ಮಾರಿದವರು, ಹೆಸರು ಬದಲಾಗಿದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ಮನೆಯ ಹುಡುಗರಿಂದ ಇಂದೇ ನೋಡಿಸಿ. ಆಗಿಲ್ಲದಿದ್ದರೆ ಕೊಂಡವನನ್ನು ಹುಡುಕಿ ಮಾಡಿಸಿ. ಅವನು ಸಿಗದಿದ್ದರೆ, ಇರುವ ಕಾಗದಗಳ ಸಮೇತ ಆರ್.ಟಿ.ಓ. ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಇದನ್ನು ಓದಿದವರು, ಮೊನ್ನೆ ಮೊನ್ನೆ ಗಾಡಿ ಮಾರಿದ ನೆರೆಯವರಿಗೂ ಒಂದು ಮಾತು ಹೇಳಿ.