ಅವ್ವನ ಹಾಡಿಗೂ ಒಂದು ವಹಿ

ಬೋರಾಮಣಿ ಕಡೆಯ ಕಟ್ಟೆಯ ಮೇಲೆ ಕುಂತರೆ ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಆದರೆ ಬೀಸುವ ಪದ ಬಲ್ಲ ಮುದುಕಿಯರು ಒಬ್ಬೊಬ್ಬರೇ ಹೊರಟು ಹೋಗುತ್ತಿದ್ದಾರೆ. 'ನಮ್ಮೂರಾಗ ದೊಡ್ಡ ಕವಿ ಇದ್ದಿದ್ರ ಏನರ ಆಗತಿತ್ತು' ಎನ್ನುವವರು ಹೆಗ್ಗೋಡಿನ ಕತೆ ಕೇಳಬೇಕು.

ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹೆಗ್ಗೋಡು ಅಡಿಕೆ ಬೆಳೆಗಾರರ ಸಣ್ಣ ಹಳ್ಳಿ. ಊರವರು 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿಕೊಂಡರು. ಅದೇ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಲೇಖಕರು, ತೋಟದ ಒಕ್ಕಲಿಗರೂ ಹೌದು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. 1985ರಿಂದ 'ತಿರುಗಾಟ' ತಂಡ ಊರೂರಿಗೆ ನಾಟಕ ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ನಾಟಕಕಾರ ಮಗ ಕೆ.ವಿ. ಅಕ್ಷರ ಮತ್ತು ಊರ ಮಂದಿ ಹೆಗಲು ಕೊಟ್ಟರು.

ಮನೆತನ ದೀಪ ಹಚ್ಚಬಹುದು. ಎಣ್ಣಿ ಹಾಕಾವ್ರು ಊರವರೇ.

ಸುಬ್ಬಣ್ಣ ಬಹಳ ಚಿಂತಿಸಿದ ಗ್ರಂಥ ಕವಿರಾಜಮಾರ್ಗ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸುತ್ತದೆ. ಗೋದಾವರಿಯ ಈಚೆಗಿರುವ ನಮ್ಮ ಹೊಲಗಳೂ ಅದರೊಳಗೇ ಬಂದವು. ಹಂಗಂದ ಮ್ಯಾಲೆ ಪಾಲು ಕೇಳುವುದಷ್ಟೇ ಅಲ್ಲ, ದುಡಿಯುವುದೂ ನಮ್ಮದೇ.

ರಂಗಮಂದಿರ ಆಮೇಲೆ ನೋಡೋಣ. ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಗುಡಿಯ ಮುಂದೆ ಕೂಡೋಣ. ಕನ್ನಡವೋ ತೆಲುಗೋ, ಹಿರಿಯರು ಹಾಡಲಿ, ಸಾಲಿ ಹುಡುಗರು ಬರೆದುಕೊಳ್ಳಲಿ. ಉದ್ರಿ ಲೆಕ್ಕಕ್ಕೆ ವಹಿ ಇಡುವ ನಾವು ಅವ್ವನ ಹಾಡಿಗೆ ಒಂದು ವಹಿ ಇಡಬಾರದೇನು?